ಎರಡನೆಯ ಕಾರ್ಡಿನ ಐದು ನಿಮಿಷ

"ಸಾರ್, ಇದನ್ ಕೆಮಿಗ್ ಹಾಕ್ಕಣಿ," ಎಂದವನೇ ರತೀಶ್ ಹೆಡ್‌ಫೋನನ್ನು ತಾನೇ ನನ್ನ ತಲೆಗೆ ಸಿಕ್ಕಿಸಿದ. "ಕಣ್ಣ್ ಮುಚ್ಕಣಿ. ಕಾಂಬುದ್ ಬ್ಯಾಡ, ಬರೀ ಕೇಣಿ."

ಮುಚ್ಚಿದೆ. ಮೊದಲು ಓಲಗ, ಊಟದ ಪಂಕ್ತಿಯ ಗಲಾಟೆ, ಯಾರದೋ ಮಗುವಿನ ಅಳು. ಅದರ ಅಡಿಯಲ್ಲಿ ಬಾಗಿಲು ಕಿರ್ರೆಂದ ಸದ್ದು. ಆಮೇಲೆ ಮೀನು ಮಾರುವ ಜಲಜಳ ದನಿ, ತೀರಾ ಮೆಲ್ಲಗೆ. "ಬಾ, ಒಳ್ಗ್ ಬಾ. ಇಲ್ಲಿ ಯಾರೂ ಇ..."

ಅಲ್ಲಿಗೆ ಎಲ್ಲವೂ ನಿಂತಿತು. ಮಾತು ಮುಗಿದು ನಿಂತದ್ದಲ್ಲ, ನಡುವೆಯೇ ತುಂಡಾಗಿತ್ತು.

"ಇನ್ನೊಂದ್ಸಲ ಹಾಕ್," ಎಂದೆ.

ನಾಲ್ಕು ಸಲ ಕೇಳಿದೆ. ತ್ರಾಸಿಯ ಹೆದ್ದಾರಿ ಬದಿಯ ಆ ಸ್ಟುಡಿಯೋ ರತೀಶನದು, ಚಂದ್ರನ ಮಗಳ ಮದುವೆಯ ವಿಡಿಯೋ ತೆಗೆದವನು ಅವನೇ.

ಈ ದೃಶ್ಯವನ್ನು ನಾನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ಮದುವೆ ಹಾಲ್‌ನಲ್ಲಿ ಮದುಮಗಳ ಕೋಣೆ. ಕನ್ನಡಿ ಮೇಜಿನ ಮೇಲೆ, ಆಮೇಲೆ ಕಾಣೆಯಾದ ಚಿನ್ನದ ಅವಲಕ್ಕಿ ಸರ. ಮಲ್ಲಿಗೆಯ ಬುಟ್ಟಿ ಹಿಡಿದು ಒಳಗೆ ಬರುವ ಜಲಜ. ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಆದರೆ ಓಲಗದ ಗದ್ದಲಕ್ಕೆ ತಲೆ ಸಿಡಿಯುತ್ತದೆಂದು ಇಪ್ಪತ್ತು ಸಲವೂ ಸದ್ದು ಬಂದ್ ಮಾಡಿಯೇ ನೋಡಿದೆ. ಪತ್ತೇದಾರನಂತೆ, ಪತ್ತೇದಾರ. ನನ್ನ ಹಣೆಗಿಷ್ಟು.

"ಬಾ" ಅಂದರೆ ಬಾಗಿಲ ಹೊರಗೆ ಇನ್ನೊಬ್ಬರು ಇದ್ದರು ಎಂದಾಯಿತು. ಕಳೆದ ಭಾನುವಾರ ಚಂದ್ರನ ಮನೆಯ ಅಂಗಳದಲ್ಲಿ, ಮೂವತ್ತು ಜನರ ಎದುರು, "ಸರ ತೆಗೆದದ್ದು ಜಲಜ, ಕೋಣೆಯೊಳಗೆ ಇದ್ದವಳು ಅವಳೊಬ್ಬಳೇ" ಎಂದು ಬೆರಳು ತೋರಿಸಿದವನು ನಾನು. ಪ್ರೇಮಾನಂದ, ನಿವೃತ್ತ ಹೆಡ್ ಕಾನ್ಸ್‌ಟೇಬಲ್, ಮೂವತ್ತೆರಡು ವರ್ಷದ ಸರ್ವಿಸ್. ಅದನ್ನೂ ಆವತ್ತು ಹೇಳಿಕೊಂಡಿದ್ದೆ.

"ಉಳ್ದ ಮಾತ್ ಎಲ್ಲಿಗ್ ಹೋಯ್ತ್?" ಎಂದೆ.

ರತೀಶ್ ಕ್ಯಾಮರಾವನ್ನು ಮೇಜಿನ ಮೇಲಿಟ್ಟು, ಬದಿಯ ಸಣ್ಣ ಮುಚ್ಚಳ ತೆರೆದ. ಒಳಗೆ ಒಂದರ ಪಕ್ಕ ಒಂದು, ಎರಡು ಸೀಳು.

"ಇದ್ಕೆ ಎರಡ್ ಕಾರ್ಡ್ ಸಾರ್. ಒಂದ್ ತುಂಬ್ರೆ ರೆಕಾರ್ಡಿಂಗ್ ನಿಲ್ಲುದಿಲ್ಲೆ, ತನ್ನಷ್ಟಕ್ಕೇ ಇನ್ನೊಂದಕ್ಕ್ ಹೋತ್ತ್. ನಾನ್ ಒಡವೆ ಶೂಟ್ ಮಾಡುಕ್ ಕ್ಯಾಮರಾ ಸ್ಟ್ಯಾಂಡಿಗ್ ಹಾಕಿದ್ದೆ. ಊಟದ ಗಡಿಬಿಡಿಯಲ್ ಬಂದ್ ಮಾಡುಕ್ ಮರ್ತ್ ಹೋಯ್ತ್. ಅದ್ರ ಕೆಂಪ್ ದೀಪ ಹಾಳಾಯ್ ಒಂದ್ ವರ್ಷ ಆಯ್ತ್, ಯಾರಿಗೂ ಗೊತ್ತಾಪುದಿಲ್ಲೆ. ನಾನ್ ಬಂದ್ ಬಂದ್ ಮಾಡುವರಿಗೆ ಇನ್ನೂ ಹನ್ನೊಂದ್ ನಿಮಿಷ ಎರಡ್ನೇ ಕಾರ್ಡಿಗ್ ಬಿದ್ದಿತ್ತ್."

"ಎರಡ್ನೇ ಕಾರ್ಡ್ ಎಲ್ಲಿ?"

"ನಿಮ್ಗೆ ಎರಡೂ ಕೊಟ್ಟಿದ್ದೆ ಅಲ್ದಾ? ಕಾಪಿಯೂ ಮಾಡ್ಕಣ್ದೆ ಕೊಟ್ಟಿದ್ದೆ, ಅರ್ಜೆಂಟ್ ಅಂದ್ರಿ ಅಂದೇಳಿ." ಅವನು ನನ್ನ ಮುಖ ನೋಡಿದ. "ಸಾರ್, ಒಂದ್ ಕೇಂತೆ, ಬೇಜಾರ್ ಮಾಡ್ಕಂಬುಕಾಗ. ವಾಪಸ್ ಕೊಡುವಾಗ ಎರಡ್ನೇದ್ರ ಲಾಕ್ ತೆಗ್ದಿತ್ತ್. ಯಾರ್ ತೆಗ್ದದ್?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನ್ನ ಕೈ ಹೆಗಲಿಗೆ ಹೋಗಲಿಲ್ಲ, ಅಷ್ಟೇ.

ರತೀಶನ ಕೆಲಸಕ್ಕೆ ಒಂದು ಕಟ್ಟಳೆ ಇದೆ. ಮೆಮರಿ ಕಾರ್ಡಿನ ಬದಿಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಚಿಲಕ ಇರುತ್ತದೆ. ಕಾರ್ಡು ಹೊರಗೆ ತೆಗೆದ ಕೂಡಲೇ ಅದನ್ನು ಕೆಳಗೆ ಜಾರಿಸಿಬಿಡುತ್ತಾನೆ. ಚಿಲಕ ಹಾಕಿದ್ದರೆ ಒಳಗೆ ಯಾರದೋ ಮದುವೆ ಇದೆ, ಮುಟ್ಟುವ ಹಾಗಿಲ್ಲ. ತೆಗೆದಿದ್ದರೆ ಖಾಲಿ, ಮುಂದಿನ ಕಾರ್ಯಕ್ರಮಕ್ಕೆ ಬಳಸಬಹುದು. ಚೀಟಿ ಇಲ್ಲ, ಪುಸ್ತಕ ಇಲ್ಲ, ಹತ್ತು ವರ್ಷದಿಂದ ಇದೇ ಲೆಕ್ಕ.

"ನಾನೇ ತೆಗ್ದದ್ ಮಾರಾಯ," ಎಂದೆ.

ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ. ಕಾರ್ಡು ತಂದ ದಿನ ಎರಡನೆಯದನ್ನು ನನ್ನ ಹಳೇ ಲ್ಯಾಪ್‌ಟಾಪಿಗೆ ಹಾಕಿದೆ. ಮೊದಲನೆಯದು ಸಣ್ಣ ಕಾರ್ಡು, ತೆರೆದಿತ್ತು; ಇಷ್ಟು ದೊಡ್ಡದನ್ನು ಓದುವ ತಾಕತ್ತು ಲ್ಯಾಪ್‌ಟಾಪಿಗಿರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು, ಈ ಕಾರ್ಡನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಠಾಣೆಯಲ್ಲಿ ನಮಗೆ ಒಂದೇ ಅಭ್ಯಾಸ. ಕಂಪ್ಯೂಟರ್ ಏನು ಕೇಳಿದರೂ ಹೌದು ಅನ್ನುವುದು, ಇಲ್ಲದಿದ್ದರೆ ಅದು ಮುಂದೆ ಹೋಗುವುದಿಲ್ಲ. ಹೌದು ಅಂದೆ. ಆಗುವುದಿಲ್ಲ, ಲಾಕ್ ಇದೆ ಅಂತು. ನನಗೆ ಸಿಟ್ಟು ಬಂತು. ಕಾರ್ಡು ತೆಗೆದು ತಿರುಗಿಸಿ ನೋಡಿ, ಉಗುರಿನಿಂದ ಚಿಲಕ ಮೇಲೆ ಸರಿಸಿ, ಮತ್ತೆ ಹಾಕಿ ಹೌದು ಅಂದೆ. ಆಮೇಲೆ ತೆರೆದರೆ ಖಾಲಿ. ಖಾಲಿ ಕಾರ್ಡು ಕೊಟ್ಟಿದ್ದಾನೆ ಎಂದು ಅವನನ್ನೇ ಬೈದುಕೊಂಡೆ.

ಆ ಕಾರ್ಡು ಬೇಡ ಬೇಡ ಎಂದು ಎರಡು ಸಲ ನನಗೆ ಹೇಳಿತ್ತು. ನಾನು ಕೇಳಲಿಲ್ಲ.

ರತೀಶ್ ಕ್ಯಾಮರಾದ ಮುಚ್ಚಳ ಮುಚ್ಚಿದ. ಬೈದಿದ್ದರೆ ಚೆನ್ನಾಗಿತ್ತು. "ಲಾಕ್ ಆಯಿತ್ತ್ ಅಂದ್ ನಂಗೊಂದ್ ಫೋನ್ ಮಾಡುಕಾಗ್ತಿರ್ಲಿಲ್ಲ್ಯಾ ಸಾರ್?" ಎಂದಷ್ಟೇ ಕೇಳಿದ.

ಮೂವತ್ತೆರಡು ವರ್ಷದ ಸರ್ವಿಸ್‌ನಲ್ಲಿ ಮೇಲಧಿಕಾರಿಗಳಿಂದ ಏನೇನೋ ಕೇಳಿಸಿಕೊಂಡಿದ್ದೇನೆ. ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

"ಪೂರ್ತಿ ಹೋಯ್ತಾ?"

"ಫಾರ್ಮ್ಯಾಟ್ ಮಾಡ್ರೆ ಒಳ್ಗಿಪ್ಪುದ್ ಹೋತಿಲ್ಲೆ, ಅದ್ರ ಮೇಲ್ ಹೊಸತ್ ಬಿದ್ರೆ ಹೋತ್ತ್. ಲಾಕ್ ತೆಗ್ದದ್ ಕಂಡ್ ಖಾಲಿ ಅಂದೇಳಿ ನಾನ್ ಬುಧವಾರ ಒಂದ್ ಸೀಮಂತಕ್ಕ್ ಹಾಕಿದ್ದೆ. ಪುಣ್ಯಕ್ಕೆ ಮೊದಲ್ನೇ ಕಾರ್ಡ್ ತುಂಬಿ ಆರ್ ನಿಮಿಷ ಮಾತ್ರ ಇದಕ್ಕ್ ಬಿದ್ದಿತ್ತ್. ಹನ್ನೊಂದ್ರಲ್ ಆರ್ ಹೋಯ್ತ್ ಅಂದ್ರೂ ಕಡಿಗಿನ ಐದ್ ನಿಮಿಷ ಎಬ್ಸುಕಾತ್ತ್. ಒಂದ್ ಗಂಟೆ ಬೇಕ್."

ಅವನು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದ, ಸಿಕ್ಕಿದ್ದನ್ನು ತುಂಬಿಸಲು ಪಕ್ಕದಲ್ಲೊಂದು ಪೆನ್‌ಡ್ರೈವ್ ಚುಚ್ಚಿದ. ನಾನು ಹೊರಗೆ ಬಂದೆ. ಹೆದ್ದಾರಿಯಾಚೆ ಕಡಲು ಮಧ್ಯಾಹ್ನದ ಬಿಸಿಲಿಗೆ ಮಿರುಗುತ್ತಿತ್ತು. ಕಾರು ನಿಲ್ಲಿಸಿ ಫೋಟೋ ತೆಗೆಯುವವರು ಎಂದಿನಂತೆ ಇದ್ದರು.

ಜಲಜಳಿಗೆ ನಾನು ಮಾಡಿದ್ದೇನು ಎಂಬುದು ಒಂದೊಂದಾಗಿ ಎದುರು ಬಂತು. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಅವಳು ಕೂರುವ ಜಾಗದಲ್ಲಿ ಸೋಮವಾರದಿಂದ ಬೇರೆಯವರು ಕೂತಿದ್ದಾರೆ. ಬೊಬ್ಬರ್ಯ ದೈವದ ಎದುರು ನಿಂತು, ಸರದ ವಿಷಯ ನನಗೇನೂ ಗೊತ್ತಿಲ್ಲ ಎಂದು ಆಣೆ ಹಾಕು, ಮತ್ತೆ ಬಂದು ಕೂತುಕೋ ಎಂದು ಉಳಿದ ಹೆಂಗಸರು ಹೇಳಿದರು. ಜಲಜ ಒಪ್ಪಲಿಲ್ಲ. ಕದಿಯದವಳಿಗೆ ಆಣೆಯ ಹೆದರಿಕೆ ಏಕೆ ಎಂದು ಎಲ್ಲರಿಗಿಂತ ಮೊದಲು ಕೇಳಿದವನೂ ನಾನೇ. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳ ಮಗಳು ಪೂಜಿತಾಳಿಗೆ, ಸ್ವಲ್ಪ ದಿನ ಬರುವುದು ಬೇಡ ಎಂದಿದ್ದಾರೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಆಡಿದ ಬಾಯಿಯಿಂದಲೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸಿದೆ. ಅಲ್ಲೇ ನಿಂತು ಚಂದ್ರನಿಗೆ ಫೋನ್ ಮಾಡಿದೆ. ಎರಡು ಬೋಟುಗಳ ಧಣಿ, ಮದುಮಗಳು ಶ್ರೀಲತಾಳ ಅಪ್ಪ, ಈ ಕೇಸು ನನಗೆ ಒಪ್ಪಿಸಿದವನು.

"ಚಂದ್ರ, ನಾನ್ ತಪ್ಪಿದೆ. ಜಲಜ ಆ ಕೋಣಿಯಲ್ ಒಬ್ಳೇ ಇದ್ದದ್ದಲ್ಲ."

"ಮತ್ಯಾರ್ ಇದ್ದದ್?" ಅವನು ನನ್ನ ಮಾತು ಮುಗಿಯಲೂ ಬಿಡಲಿಲ್ಲ.

"ಅದ್ ಗೊತ್ತಾಯ್ಕ್. ನಾಲ್ಕ್ ಗಂಟಿಗೆ ರತೀಶನ ಸ್ಟುಡಿಯೋಕ್ ಬಾ. ವಿಡಿಯೋ ಬತ್ತ್, ನೀನೇ ಕಾಣ್. ಮತ್ತೆ ಅದೇ ಅಂಗಳದಲ್ ಅಷ್ಟೇ ಜನರನ್ನ ಕರಿ. ನಾನ್ ಜಲಜನ ಹತ್ರ ಕ್ಷಮೆ ಕೇಂತೆ."

"ಬತ್ತೆ," ಎಂದು ಇಟ್ಟುಬಿಟ್ಟ.

ಎದೆ ಸ್ವಲ್ಪ ಹಗುರವಾಯಿತು. ಸ್ಕೂಟರ್ ಹತ್ತಿದೆ.

ಜಲಜಳ ಮನೆ ಅಲ್ಲಿಂದ ಎರಡು ಮೈಲು, ಕಡಲ ಬದಿಯ ಓಣಿಯಲ್ಲಿ. ಪೂಜಿತಾ ಬಾಗಿಲಲ್ಲೇ ನಿಂತಳು. "ಅಮ್ಮ ಇಲ್ಲೆ," ಎಂದಳು. ಮನೆಯ ಹಿಂದಿನಿಂದ ಕಾಗೆ ಓಡಿಸುವ ಜಲಜಳ ದನಿ ಇಬ್ಬರಿಗೂ ಕೇಳಿಸಿತು. ಹುಡುಗಿ ಮುಖ ತಿರುಗಿಸಿ ಒಳಗೆ ಹೋದಳು.

ಹಿತ್ತಿಲಲ್ಲಿ ಹಳೇ ಬಲೆಯ ಮೇಲೆ ಮೀನು ಒಣಗಿಸಲು ಹರಡಿತ್ತು. ಮಾರ್ಕೆಟ್ಟಿಗೆ ಹೋಗಲಾಗದವಳು ಮೀನನ್ನು ಒಣಗಿಸದೆ ಇನ್ನೇನು ಮಾಡುತ್ತಾಳೆ. ಹದಿನೆಂಟು ವರ್ಷ ನಾನು ಬಂಗುಡೆ ಕೊಂಡದ್ದು ಇವಳ ಬುಟ್ಟಿಯಿಂದ. ಅಣ್ಣನಿಗೆ ಎಂದು ಎರಡು ಹೆಚ್ಚೇ ಹಾಕುತ್ತಿದ್ದಳು.

"ಬನ್ನಿ ಅಣ್ಣ," ಎಂದಳು. ಸ್ಟೂಲು ತೋರಿಸಿದಳು. ನಾನು ಕೂರಲಿಲ್ಲ.

ನಿಂತೇ ಎಲ್ಲ ಹೇಳಿದೆ. ಕಾರ್ಡು, ಚಿಲಕ, ನನ್ನ ಉಗುರು, ಒಂದನ್ನೂ ಬಿಡಲಿಲ್ಲ. "ನನ್ನ ತಪ್ಪಿಗೆ ನೀನ್ ಕಳ್ಳಿ ಆದೆ. ಎಂತ ಬೇಕಾರೂ ಬೈ," ಎಂದೆ.

ಅವಳು ಒಂದು ಮೀನು ತಿರುಗಿಸಿ ಹಾಕಿದಳು. "ಕಾರ್ಡ್ ಅಳ್ಸಿ ಹೋಯ್ತಲೆ. ಒಳ್ಳೇದೇ ಆಯ್ತ್ ಬಿಡಿ."

"ಪೂರ್ತಿ ಹೋಯ್ಲಿಲ್ಲೆ. ಕಡಿಗಿನ ಐದ್ ನಿಮಿಷ ರತೀಶ್ ಎಬ್ಸುಕ್ ಹಿಡ್ದಿದ್ದ. ಇನ್ನ್ ಸ್ವಲ್ಪ ಹೊತ್ತಿಗ್ ಬತ್ತ್."

ಅವಳ ಕೈ ನಿಂತಿತು. ಮೊದಲ ಸಲ ನನ್ನ ಮುಖ ನೋಡಿದಳು. ಸಮಾಧಾನ ಕಾಣಿಸುತ್ತದೆ ಎಂದುಕೊಂಡಿದ್ದೆ. ಕಂಡದ್ದು ಹೆದರಿಕೆ.

"ಅದ್ನ ನಿಲ್ಸಿ ಅಣ್ಣ. ಈಗ್ಲೇ ಫೋನ್ ಮಾಡಿ ನಿಲ್ಸಿ."

"ಎಂತಕೆ? ನಿನ್ನ ಹೆಸ್ರ್ ಶುದ್ಧ ಆಪುಕೆ ಅದೊಂದೇ ದಾರಿ."

"ನನ್ ಹೆಸ್ರ್ ಹಾಳಾಯ್ ಹೋಯ್ಲಿ. ಅದ್ರಲ್ ವನಜ ಇತ್ತ್."

ವನಜ ಚಂದ್ರನ ಹೆಂಡತಿ. ಹನ್ನೆರಡು ವರ್ಷದ ಹಿಂದೆ ಯಾರದೋ ಜೊತೆ ಬೊಂಬಾಯಿಗೆ ಓಡಿಹೋದಳು ಎಂದು ತ್ರಾಸಿಯಲ್ಲಿ ಎಲ್ಲರೂ ಹೇಳುತ್ತಾರೆ. ಬೈಂದೂರಿನ ಬೀಗರಿಗೆ ಮಾತ್ರ ಚಂದ್ರ ಅವಳು ಸತ್ತಿದ್ದಾಳೆಂದು ಹೇಳಿದ್ದ.

"ಅದ್ ಓಡಿ ಹೋಯ್ಲಿಲ್ಲೆ ಅಣ್ಣ," ಎಂದಳು ಜಲಜ. "ಚಂದ್ರನ ಕೈಯಲ್ ತಲಿ ಒಡ್ಸ್ಕಂಡ್ ನನ್ನ ಮನಿಗ್ ಬಂದದ್. ಇದೇ ಹಿತ್ಲಂಗ್ ನಾನ್ ರಕ್ತ ತೊಳ್ದದ್. ಇನ್ನೊಂದ್ಸಲ ಕಣ್ಣಿಗ್ ಬಿದ್ರೆ ಕಡ್ದ್ ಹಾಕ್ತೆ ಅಂದಿದ್ದ ಅವ. ಬೆಳಿಗ್ಗೆ ಮೀನಿನ ಬುಟ್ಟಿ ಹೊರ್ಸಿ, ನನ್ನೊಟ್ಟಿಗೆ ಬಸ್ಸಿಗ್ ಹತ್ಸಿ ಕಳ್ಸ್ದೆ. ಈಗ ಬ್ರಹ್ಮಾವರದಲ್ ಒಂದ್ ಹಾಸ್ಟೆಲಿನ ಅಡ್ಗಿ ಮಾಡ್ತ್."

"ಮದಿಗ್ ಕರ್ಕಂಡ್ ಬಂದದ್ ನೀನಾ?"

"ಮಗ್ಳ ಮುಖ ಒಂದ್ಸಲ ಕಾಣ್ಕ್ ಅಂತ್. ಹೂ ಹೊತ್ತವ್ರ ಮುಖ ಯಾರ್ ಕಾಂತ್ರ್? ಸೆರಗ್ ತಲಿಗ್ ಹಾಕಿ, ಒಂದ್ ಬುಟ್ಟಿ ಕೊಟ್ಟ್ ಕರ್ಕಂಡ್ ಬಂದೆ. ಶ್ರೀಲತಾ ಸೀರಿ ಬದ್ಲ್ಸುಕ್ ಬಂದದ್ದ್ ಹೆತ್ತಬ್ಬಿ ಗುರ್ತ ಹಿಡೀತ್. ಆ ಸರ ವನಜನ ಅಬ್ಬಿದ್ದ್, ಅದನ್ನೂ ಅವ ಇರ್ಸ್ಕಂಡಿದ್ದ. ಶ್ರೀಲತಾನೇ ಕೈಯಾರೆ ಅದ್ರ ಕುತ್ತಿಗಿಗ್ ಹಾಕ್ತ್."

"ಮತ್ತೆ ನಾನ್ ಫೋನಿನಲ್ ಸರದ ವಿಷ್ಯ ಕೇಂಡ್ರೆ ಶ್ರೀಲತಾ ನಂಗ್ ಗೊತ್ತಿಲ್ಲೆ ಅಂತಲೆ, ಎಂತಕೆ?"

"ಅಬ್ಬಿನ ಉಳ್ಸುಕೆ. ಕಳ್ಳಿ ಅಂದ್ ನನ್ನ ಹೆಸ್ರ್ ಬಂದದ್ ಅದಕ್ಕಿನ್ನೂ ಗೊತ್ತಿಲ್ಲೆ. ಅದಕ್ಕ್ ಫೋನ್ ಮಾಡಿ ಹೇಳುಕಾಗ ಅಂದೇಳಿ ಪೂಜಿತನ ಕೈಯಿಂದ ಮಾತ್ ತಕಂಡಿದ್ದೆ."

ಆಣೆಯ ಗುಟ್ಟೂ ಈಗ ಗೊತ್ತಾಯಿತು. ನಾನು ಕೇಳುವ ಮೊದಲೇ ಅವಳು ಹೇಳಿದಳು. "ಸರದ ವಿಷ್ಯ ಗೊತ್ತಿಲ್ಲೆ ಅಂದ್ ಬೊಬ್ಬರ್ಯನ ಎದ್ರ್ ಹ್ಯಾಂಗ್ ಹೇಳುದ್ ಅಣ್ಣ? ಗೊತ್ತಿತ್ತಲೆ."

ನನಗೆ ಸ್ಟೂಲಿನ ಮೇಲೆ ಕೂರಬೇಕಾಯಿತು. ಸುಳ್ಳು ಆಣೆಗೆ ಒಪ್ಪದವಳನ್ನು ನಾನು ಕಳ್ಳಿ ಎಂದು ಕರೆದಿದ್ದೆ.

"ಚಂದ್ರನಿಗ್ ಇದ್ರ ವಾಸ್ನಿ ಇತ್ತಾ?"

"ಭಾನುವಾರ ಸಂಜಿ ಇಲ್ಲಿಗ್ ಬಂದಿದ್ದ. ಸರ ಕೇಣ್ಲಿಲ್ಲೆ ಅವ. 'ಆ ಹೆಣ್ಣ್ ಎಲ್ಲಿತ್ತ್ ಹೇಳ್, ನಿನ್ನ ಹೆಸ್ರ್ ನಾನೇ ತೊಳ್ದ್ ಕೊಡ್ತೆ' ಅಂದ. ನಾನ್ ಯಾರ ವಿಷ್ಯ ಅಂದೆ. ನೆಗಾಡಿ ಹೋದ."

ಕೇಸು ಒಪ್ಪಿಸಿದ ದಿನ ಚಂದ್ರ ನನಗೆ ಹೇಳಿದ್ದು ಆಗ ನೆನಪಾಯಿತು. ಸರ ಸಿಗದಿದ್ದರೂ ಅಡ್ಡಿಲ್ಲ, ಅದು ಯಾರ ಕೈಗೆ ಹೋಯಿತು ಎಂದು ಮಾತ್ರ ಹೇಳಿ. ದೊಡ್ಡ ಮನುಷ್ಯ, ಚಿನ್ನಕ್ಕಿಂತ ನ್ಯಾಯ ಮುಖ್ಯ ಎಂದುಕೊಂಡು ನಾನು ಮೆಚ್ಚಿದ್ದೆ. ವನಜಳ ಅಮ್ಮನ ಆ ಸರ ಹೋಯಿತೆಂದರೆ ವನಜ ಬಂದಿದ್ದಳು ಎಂಬ ಅನುಮಾನ ಅವನಿಗೆ ಮೊದಲ ದಿನವೇ ಬಂದಿತ್ತು. ಅವನು ಸರ ಹುಡುಕಲು ನನ್ನನ್ನು ಇಟ್ಟುಕೊಂಡದ್ದಲ್ಲ. ಮೂವತ್ತೆರಡು ವರ್ಷ ಪೊಲೀಸಾಗಿದ್ದು ಒಬ್ಬ ಗಂಡನ ಬೇಟೆನಾಯಿಯಾಗಿದ್ದೆ ನಾನು.

"ಆ ವಿಡಿಯೋದಲ್ ವನಜ ಎಲ್ಲಿತ್ತ್ ಅಂದ್ ಬತ್ತಾ?"

"ಹೋಪತಿಗೆ ಶ್ರೀಲತಾ ಕೇಂಡಿದ್ದಿತ್, ಅಮ್ಮ ನೀನ್ ಎಲ್ಲಿಪ್ಪುದ್ ಅಂದೇಳಿ. ವನಜ ಹಾಸ್ಟೆಲಿನ ಹೆಸ್ರ್, ಓಣಿ ಎಲ್ಲ ಹೇಳ್ತ್."

ಹೋಗುವಾಗ ಅಂದರೆ ಕೊನೆಯ ಐದು ನಿಮಿಷದಲ್ಲಿ.

ಗಡಿಯಾರ ನೋಡಿದೆ. ನಾಲ್ಕೂ ಹತ್ತು. ಫೋನ್ ತೆಗೆಯುವಷ್ಟರಲ್ಲಿ ಅದೇ ಬಡಿದುಕೊಂಡಿತು. ರತೀಶ್.

"ಸಾರ್, ಐದ್ ನಿಮಿಷ ಪೂರ್ತಿ ಸಿಕ್ತ್."

"ಯಾರಿಗೂ ತೋರ್ಸ್‌ಬೇಡ ಮಾರಾಯ. ಚಂದ್ರ ಬಂದ್ರೆ ಇಲ್ಲೆ ಅಂದೇಳ್."

"ಅವ್ರ್ ಕಂಡ್ ಆಯ್ತಲೆ. ನೀವೇ ಕರ್ದದ್ ಅಂದ್ರ್, ಕೂರ್ಸ್ದೆ." ಅವನ ದನಿ ಇಳಿಯಿತು. "ಹೆಡ್‌ಫೋನ್ ಅವ್ರ ತಲಿಯಲ್ ಇದ್ದಿತ್, ನಂಗೆ ಮಾತ್ ಕೇಣ್ಲಿಲ್ಲೆ. ಕಡಿಗ್ ಶ್ರೀಲತಾ ಎಂತದೋ ಕೇಂತ್, ಒಂದ್ ಹೆಂಗ್ಸ್ ಎಂತದೋ ಹೇಳ್ತ್. ಅದೊಂದ್ ಜಾಗ ಮೂರ್ ಸಲ ಹಾಕಿ ಕೇಂಡ್ರ್. ಅಂಗೈ ಮೇಲ್ ಬರ್ಕಂಡ್ರ್. ಮತ್ತೆ ಕಾರ್ಡ್, ಪೆನ್‌ಡ್ರೈವ್ ಎರಡೂ ಕಿತ್ಕಂಡ್ ಹೋದ್ರ್. ನಾನ್ ಬೇಡ ಅಂದ್ರೆ ದೂಡಿ ಹಾಕ್ದ್ರ್ ಸಾರ್."

"ಕಾರ್ ಯಾವ್ ಬದಿಗ್ ಹೋಯ್ತ್?"

"ತೆಂಕಕ್ಕೆ. ಕುಂದಾಪ್ರದ ಬದಿಗೆ."

ಕುಂದಾಪುರ ದಾಟಿದರೆ ಬ್ರಹ್ಮಾವರ. ಅವನ ಕಾರಿಗೆ ಮುಕ್ಕಾಲು ಗಂಟೆ ಸಾಕು.

ಜಲಜ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿದೆ. ಚಂದ್ರನನ್ನು ಸ್ಟುಡಿಯೋಕ್ಕೆ ಕರೆದವನು ನಾನೇ ಎಂಬುದನ್ನೂ ಹೇಳಿದೆ.

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನ್ ತೆಗೆದು ವನಜಳ ನಂಬರ್ ಒತ್ತಿದಳು. ಕಿವಿಗೆ ಹಿಡಿದು ನಿಂತಳು. ಮತ್ತೆ ಒತ್ತಿದಳು. "ಅಡ್ಗಿ ಹೊತ್ತಿಗ್ ಫೋನ್ ಹತ್ರ ಇಟ್ಕಂಬುದಿಲ್ಲೆ ಅದ್," ಎಂದಳು.

"ಹನ್ನೆರ್ಡ್ ವರ್ಷ ನಾನ್ ಬಾಯ್ ಬಿಡ್ಲಿಲ್ಲೆ ಅಣ್ಣ. ಕಳ್ಳಿ ಅಂದ್ರೂ ಬಿಡ್ಲಿಲ್ಲೆ. ನಿಮ್ಗ್ ಒಂದ್ ಗಂಟೆ ತಡ್ಕಂಬುಕ್ ಆಯ್ಲಿಲ್ಲ್ಯಾ?"

ಮಾಡಬಹುದಾದದ್ದು ಒಂದೇ ಇತ್ತು. ಬ್ರಹ್ಮಾವರ ಠಾಣೆಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡಿದ್ದ ರಾಜೀವ ಇದ್ದಾನೆ. ಒಂದೇ ರಿಂಗಿಗೆ ಎತ್ತಿದ. ಒಬ್ಬ ಹೆಂಗಸಿನ ಜೀವಕ್ಕೆ ಅಪಾಯವಿದೆ, ಈಗಲೇ ಜೀಪು ಕಳಿಸು, ಹಾಸ್ಟೆಲಿನ ಅಡುಗೆಯವಳು ಎಂದೆ.

"ಕಳ್ಸ್ತೆ ಸಾರ್. ಇಲ್ಲ್ ಹಾಸ್ಟೆಲ್ ಹತ್ತೆಂಟಿತ್ತ್. ಯಾವ್ ಹಾಸ್ಟೆಲ್?"

ನಾನು ಜಲಜಳ ಕಡೆ ತಿರುಗಿದೆ. "ಹೆಸ್ರ್ ಹೇಳ್ ಜಲಜ. ಬೇಗ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ಕೈಯಲ್ಲಿದ್ದ ಫೋನನ್ನು ನೋಡಿದಳು, ನನ್ನನ್ನು ನೋಡಿದಳು.

"ಆ ಬದಿಯಲ್ ಇಪ್ಪುದ್ ಪೊಲೀಸೇ ಅಂದ್ ನಂಗ್ ಹ್ಯಾಂಗ್ ಗೊತ್ತಾತ್ತ್? 'ಹೇಳ್, ನಿಂಗ್ ಒಳ್ಳೇದಾತ್ತ್' ಅಂದ್ ಭಾನುವಾರವೂ ನೀವ್ ಹಿಂಗೇ ಹೇಳಿದ್ರಿ ಅಣ್ಣ. ಅವ ವಿಡಿಯೋ ಕಂಡ ಅಂಬುದೂ ನನ್ನ ಬಾಯ್ ಬಿಡ್ಸುಕೆ ಕಟ್ಟಿದ್ ಕಥಿ ಅಲ್ಲ ಅಂದ್ ಹ್ಯಾಂಗ್ ನಂಬುದ್? ನೀವ್ ಅವ್ನ ಜನ ಅಲ್ದಾ?"

"ಜಲಜ, ಕೈ ಮುಗೀತೆ. ನನ್ನ ನಂಬ್."

"ಹಲೋ, ಸಾರ್, ಯಾವ್ ಹಾಸ್ಟೆಲ್?" ರಾಜೀವ ಕೇಳುತ್ತಲೇ ಇದ್ದ.

ಜಲಜ ತುಟಿ ಬಿಗಿಹಿಡಿದು ನಿಂತಳು. ಬಾಯಿ ಬಿಡಲಿಲ್ಲ.